ನಾಲ್ಕೇ ಅಡಿಗೆ ನೀರು: ಮಾಲ್ಡೀವ್ಸ್‌ನಲ್ಲಿ ಕೋಲಾರದ ಟೀಚರು

ನಮ್ಮೂರು ಕೋಲಾರದ ನರಸಾಪುರದ ಕಡೆ. ಟೊಮ್ಯಾಟೊ ತೋಟದ ಬೋರ್‌ವೆಲ್ 1,200 ಅಡಿ. ಅದಕ್ಕೂ ಮುಂಚೆ ಕೊರೆಸಿದ ಎರಡರಲ್ಲಿ ಬಂದಿದ್ದು ಬರೀ ಧೂಳು. ಅಂಥ ಊರಿಂದ 2016ರಲ್ಲಿ ನಾನು ಮಾಲ್ಡೀವ್ಸ್‌ನ ಒಂದು ಪುಟ್ಟ ದ್ವೀಪಕ್ಕೆ ಗಣಿತದ ಟೀಚರಾಗಿ ಹೋದೆ. ಬಾಡಿಗೆ ಮನೆಯ ಹಿತ್ತಲಲ್ಲಿ ಬಾವಿ ಇತ್ತು. ನಾಲ್ಕೇ ಅಡಿಗೆ ನೀರು! ಬಗ್ಗಿ ಚೊಂಬಲ್ಲೇ ಮೊಗೆದೆ. ಬಾಯಿಗಿಡುವ ಮೊದಲೇ ಮನೆ ಒಡತಿ ಓಡಿ ಬಂದು ಕೈ ಹಿಡಿದುಕೊಂಡರು.

ಅಲ್ಲಿ ನೆಲದಡಿ ಇರುವುದು ಉಪ್ಪುನೀರು. ಅದರ ಮೇಲೆ ಮಳೆಯ ಸಿಹಿನೀರು ಹಾಲಿನ ಕೆನೆಯ ಥರ ತೆಳ್ಳಗೆ ನಿಂತಿರುತ್ತದೆ. ಜಾಸ್ತಿ ಎಳೆದರೆ ಉಪ್ಪು ಮೇಲೆ ಬರುತ್ತದೆ. ಮನೆಮನೆಯ ಗುಂಡಿಯ ಕೊಳಕೂ ಅದೇ ಮರಳಲ್ಲಿ ಇಳಿಯುತ್ತದೆ. ಹಾಗಾಗಿ ಬಾವಿ ನೀರು ಸ್ನಾನಕ್ಕೆ, ಪಾತ್ರೆಗೆ ಮಾತ್ರ. ಕುಡಿಯಲು ಮಳೆ ನೀರು. ತಗಡಿನ ಮಾಡಿನಿಂದ ಪೈಪಲ್ಲಿ ದೊಡ್ಡ ಪ್ಲಾಸ್ಟಿಕ್ ಟ್ಯಾಂಕಿಗೆ ಇಳಿಸುತ್ತಾರೆ.

ಜನವರಿಯಿಂದ ಏಪ್ರಿಲ್‌ವರೆಗೆ ಮಳೆ ಕಡಿಮೆ. ಕೆಲವು ದ್ವೀಪಗಳಿಗೆ ಸರ್ಕಾರವೇ ದೋಣಿಯಲ್ಲಿ ನೀರು ಕಳಿಸಬೇಕಾಗುತ್ತಿತ್ತು. ಈ ನಾಲ್ಕು ತಿಂಗಳು ಬೇರೆ ಊರಿಂದ ಬಂದಿದ್ದ ಟೀಚರ್‌ಗಳು ಗೊಣಗುತ್ತಿದ್ದರು. ನನಗೇನೂ ಅನ್ನಿಸಲಿಲ್ಲ. ಅಕ್ಕಿ ತೊಳೆದ ನೀರು ಗಿಡಕ್ಕೆ, ಒಂದು ಬಕೆಟ್ಟಲ್ಲಿ ಸ್ನಾನ, ಇದೆಲ್ಲ ನಮಗೆ ಯಾರಾದರೂ ಹೇಳಿಕೊಡಬೇಕಾ? ಬೆರಳ ಗಿಣ್ಣಿಂದ ಟ್ಯಾಂಕ್ ತಟ್ಟುತ್ತಾ ಕೆಳಗೆ ಬಂದರೆ, ಸದ್ದು ಎಲ್ಲಿ ಟೊಳ್ಳಿನಿಂದ ದಪ್ಪಕ್ಕೆ ತಿರುಗುತ್ತದೋ ಅಲ್ಲಿಗೆ ನೀರು ಅಂತ ಲೆಕ್ಕ. ಇದನ್ನು ನೋಡಿದ ಮೇಲೆ ಒಡತಿಗೆ ನನ್ನ ಮೇಲೆ ಸ್ವಲ್ಪ ಗೌರವ ಬಂತು ಅನ್ನಿ.

ಕ್ಲಾಸಲ್ಲಿ ಗೌರವ ಅಷ್ಟು ಸುಲಭಕ್ಕೆ ಸಿಗಲಿಲ್ಲ. ಪಾಠ ಇಂಗ್ಲಿಷಲ್ಲಿ, ಮಕ್ಕಳ ಮನೆಮಾತು ಧಿವೇಹಿ. ಮೊದಲ ವಾರ ಅಭ್ಯಾಸಬಲದಿಂದ ರೈಲಿನ ಲೆಕ್ಕ ಕೊಟ್ಟೆ, ಎರಡು ರೈಲು ಎದುರುಬದುರು ಬರುವುದು. ಇಡೀ ದೇಶದಲ್ಲಿ ರೈಲೇ ಇಲ್ಲ. ಮಕ್ಕಳು ಕಾರ್ಟೂನಲ್ಲಿ ನೋಡಿದ್ದಷ್ಟೇ. ಸರಿ ಅಂತ ದೋಣಿ, ಪ್ರವಾಹದ ಲೆಕ್ಕಕ್ಕೆ ಬಂದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಕೈ ಎತ್ತಿದ. ಅವನ ಅಪ್ಪ ಮೀನು ಹಿಡಿಯುವವರು. "ಮಿಸ್, ಇದು ಹುಲ್ಹಂಗು ಕಾಲನಾ, ಇರುವಾಯಿ ಕಾಲನಾ?" ಅಂತ ಕೇಳಿದ. ನಾನು ಬೆಪ್ಪಾಗಿ ನಿಂತೆ. ಹುಲ್ಹಂಗು ಅಂದರೆ ನೈಋತ್ಯ ಮುಂಗಾರು, ಇರುವಾಯಿ ಅಂದರೆ ಈಶಾನ್ಯದ ಗಾಳಿ ಕಾಲ. ಕಾಲ ಬದಲಾದರೆ ಪ್ರವಾಹದ ದಿಕ್ಕೂ ತಿರುಗುತ್ತದೆ. ಕೂಡಿಸಬೇಕೋ ಕಳೆಯಬೇಕೋ ಅನ್ನುವುದು ಅದರ ಮೇಲೆ! ಅವತ್ತಿಂದ ಲೆಕ್ಕ ನಾನು ಬರೆಯುತ್ತಿದ್ದೆ, ಕಾಲ ಯಾವುದು ಅಂತ ಅವನು ಹೇಳುತ್ತಿದ್ದ. ನಮ್ಮ ಬೋರ್‌ವೆಲ್ಲಿನ ಆಳ ಹೇಳಿದಾಗ ಮಾತ್ರ ಯಾರೂ ನಂಬಲಿಲ್ಲ. ಸಮುದ್ರಕ್ಕಿಂತ ಒಂದೆರಡು ಮೀಟರ್ ಎತ್ತರದ ಊರಲ್ಲಿ ಹುಟ್ಟಿದ ಮಕ್ಕಳು, ಪಾಪ.

ಊಟದ ಬಗ್ಗೆ ತುಂಬ ಜನ ಕೇಳುತ್ತಾರೆ. ಸೂರೆ ಮೀನು, ಅಂದರೆ ಟ್ಯೂನಾ, ಮೂರು ಹೊತ್ತೂ ಇರುತ್ತದೆ. ಬೆಳಿಗ್ಗೆ ಮಾಸ್ ಹುನಿ ಅಂತ ಮಾಡುತ್ತಾರೆ: ಮೀನು, ತೆಂಗಿನತುರಿ, ಈರುಳ್ಳಿ, ಮೆಣಸಿನಕಾಯಿ, ನಿಂಬೆಹುಳಿ ಕೈಯಲ್ಲೇ ಕಿವುಚಿ ರೊಟ್ಟಿ ಜೊತೆ. ನನಗೆ ರುಚಿ ಹಿಡಿಯಿತು. ತರಕಾರಿಗೆ ಮಾತ್ರ ರಾಜಧಾನಿ ಮಾಲೆಯಿಂದ ದೋಣಿ ಬರಬೇಕು. ಸೊಪ್ಪಿಗೆ ಬಾಯಿ ಬಿಡುತ್ತಿದ್ದಾಗ ಪಕ್ಕದ ಮನೆಯ ನುಗ್ಗೆ ಮರ ಕಣ್ಣಿಗೆ ಬಿತ್ತು. ಅವರು ಅದಕ್ಕೆ ಮುರಂಗ ಅನ್ನುತ್ತಾರೆ. ತಮಿಳು ಕೇಳಿ ಬೆಳೆದ ಕಿವಿಗೆ ಅರ್ಥ ಹೇಳಬೇಕಿಲ್ಲವಲ್ಲ. ಅವತ್ತು ನುಗ್ಗೆಸೊಪ್ಪಿನ ಬಸ್ಸಾರು, ಮುದ್ದೆ. ರಾಗಿ ಹಿಟ್ಟು 12 ಕೆ.ಜಿ. ಒಯ್ದಿದ್ದೆ. ಆ ತೇವದ ಗಾಳಿಗೆ ಎರಡನೇ ತಿಂಗಳೇ ಅರ್ಧಕ್ಕೆ ಹುಳ ಬಿತ್ತು. ಮುಂದಿನ ಸಲದಿಂದ ಪೊಟ್ಟಣ ಕಟ್ಟಿ ಫ್ರೀಜರಿನಲ್ಲಿಟ್ಟೆ.

ಹೋಗುವವರಿಗೆ ಒಂದೆರಡು ಮಾತು. ಪೂಜೆಯ ವಿಗ್ರಹ ಒಯ್ಯುವ ಹಾಗಿಲ್ಲ, ಮನೆಯಲ್ಲೇ ಬಿಡಿ. ಸಂಬಳ ರೂಫಿಯಾದಲ್ಲಿ ಬರುತ್ತದೆ. ಮನೆಗೆ ಕಳಿಸಲು ಡಾಲರ್ ಬೇಕು. ಡಾಲರಿಗೆ 15.42 ರೂಫಿಯಾ ಅನ್ನುವುದು ಕಾಗದದ ಮೇಲೆ. ಆ ದರಕ್ಕೆ ಬೇಕಾದಷ್ಟು ಡಾಲರ್ ನನಗೆ ಒಂದು ತಿಂಗಳೂ ಸಿಗಲಿಲ್ಲ. ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಇದನ್ನು ಬಿಡಿಸಿ ಕೇಳಿ.

ವಾರದ ರಜೆ ಶುಕ್ರವಾರ, ಶನಿವಾರ. ಅಮ್ಮನಿಗೆ ಇದು ಕೊನೆಗೂ ತಲೆಗೆ ಹೋಗಲಿಲ್ಲ. ಭಾನುವಾರ ನಾನು ಕ್ಲಾಸಲ್ಲಿರುವಾಗಲೇ ಫೋನು. 2018ರಲ್ಲಿ ಒಮ್ಮೆ ಹಾಗೇ ನಾಲ್ಕು ಸಲ ಮಾಡಿದ್ದಳು. ಸಂಜೆ ಗಾಬರಿಯಿಂದ ತಿರುಗಿ ಮಾಡಿದರೆ, "ಕೆರೆ ತುಂಬೈತೆ ಕಣೇ!" ಅಂದಳು. ಕೆ.ಸಿ. ವ್ಯಾಲಿಯ ನೀರು. ಬೆಂಗಳೂರಿನ ಕೊಳಚೆಯನ್ನು ಶುದ್ಧ ಮಾಡಿ ನಮ್ಮ ಜಿಲ್ಲೆಯ ಕೆರೆಗಳಿಗೆ ಬಿಡಲು ಶುರು ಮಾಡಿದ್ದು ಅದೇ ವರ್ಷ.

"ಕುಡಿಯೋಕೆ?" ಅಂದೆ.

"ಅಯ್ಯೋ, ಕುಡಿಯೋಕೆ ಅದೇ ಕ್ಯಾನ್ ನೀರು. ಇದು ಸುಮ್ನೆ ನೋಡೋಕೆ, ಬೋರ್‌ವೆಲ್‌ಗೆ."

ಫೋನ್ ಕಿವಿಗಿಟ್ಟುಕೊಂಡೇ ಹಿತ್ತಲಿಗೆ ಹೋಗಿ ಟ್ಯಾಂಕ್ ತಟ್ಟಿದೆ.

"ಏನೇ ಅದು ಸದ್ದು?" ಅಂದಳು ಅಮ್ಮ.