ಎಂಒಟಿ ಹೊಸ ಸೆಮಿಸ್ಟರ್: ಮೊದಲು ಅನ್ನ-ಸಾರು ಕಲಸಿ ನೋಡಿ

ರಜೆಗೆ ಊರಿಗೆ ಹೋದಾಗ ‘ಓಟಿ ಓದ್ತಿದ್ದೇನೆ’ ಅಂದರೆ ಈಗಲೂ ಆಪರೇಷನ್ ಥಿಯೇಟರ್ ಅಂತಲೇ ತಿಳಿಯುತ್ತಾರೆ. ಆಕ್ಯುಪೇಷನಲ್ ಥೆರಪಿ ಅಂತ ಬಿಡಿಸಿ ಹೇಳಿದರೆ, ‘ಓಹೋ, ಕೆಲಸ ಕೊಡಿಸ್ತೀರಾ?’ ಅನ್ನುವವರೂ ಇದ್ದಾರೆ. ಲಕ್ವ ಹೊಡೆದವರು ಮತ್ತೆ ತಾವೇ ಊಟ ಮಾಡುವಂತೆ, ಅಂಗಿ ಗುಂಡಿ ಹಾಕಿಕೊಳ್ಳುವಂತೆ ಮಾಡುವುದೂ ನಮ್ಮ ಕೆಲಸ. ಇದರಲ್ಲಿ ಎರಡು ವರ್ಷದ ಸ್ನಾತಕೋತ್ತರ ಪದವಿ ಎಂಒಟಿ. ಹೊಸ ಸೆಮಿಸ್ಟರ್ ಶುರುವಾಗುವ ಹಿಂದಿನ ವಾರ ಏನೇನು ಮುಗಿಸಿಕೊಂಡರೆ ಮುಂದೆ ಪರದಾಟ ಕಡಿಮೆ ಅಂತ ನೋಡೋಣ.

ಮೊದಲು ಎಥಿಕ್ಸ್ ಕಮಿಟಿಯ, ಅಂದರೆ ರೋಗಿಗಳ ಮೇಲಿನ ಅಧ್ಯಯನಕ್ಕೆ ಒಪ್ಪಿಗೆ ಕೊಡುವ ಸಮಿತಿಯ, ಸಭೆಯ ದಿನಾಂಕ ಹುಡುಕಿ. ಟೈಮ್‌ಟೇಬಲ್ ಆಮೇಲೆ. ಕಮಿಟಿ ಒಪ್ಪುವವರೆಗೆ ಥೀಸಿಸ್‌ಗೆ ಒಬ್ಬ ರೋಗಿಯ ಮಾಹಿತಿಯನ್ನೂ ತೆಗೆದುಕೊಳ್ಳುವಂತಿಲ್ಲ. ನಿಮ್ಮದು ಕ್ಲಿನಿಕಲ್ ಟ್ರಯಲ್ ಆದರೆ ಮೊದಲ ರೋಗಿ ಸೇರುವ ಮುಂಚೆಯೇ ದೇಶದ ಟ್ರಯಲ್‌ಗಳ ನೋಂದಣಿ ತಾಣವಾದ ಸಿಟಿಆರ್‌ಐನಲ್ಲಿ ನೋಂದಣಿ ಆಗಿರಬೇಕು. 2018ರ ಏಪ್ರಿಲ್‌ನಿಂದ ಅಲ್ಲಿ ಟ್ರಯಲ್ ಶುರುವಾದ ಮೇಲೆ ಮಾಡಿಸುವ ನೋಂದಣಿ ನಿಂತಿದೆ. ನಾನು ಒಂದು ಸಲ ಕಮಿಟಿಯ ದಿನಾಂಕ ತಪ್ಪಿಸಿಕೊಂಡೆ. ಕಾರಣ ಬೇರೇನಲ್ಲ, ಕನ್ನಡದ ಒಪ್ಪಿಗೆ ಪತ್ರ ತಯಾರಿರಲಿಲ್ಲ. ಅವಸರದಲ್ಲಿ ‘ಸದರಿ ಅಧ್ಯಯನದಲ್ಲಿ ಸ್ವಇಚ್ಛೆಯಿಂದ ಪಾಲ್ಗೊಳ್ಳಲು’ ಅಂತೆಲ್ಲ ಬರೆದು ಅಮ್ಮನಿಗೆ ಓದಿ ಹೇಳಿದೆ. ‘ಇದೇನು ಕೋರ್ಟ್ ನೋಟಿಸಾ?’ ಅಂದರು. ಪೂರ್ತಿ ಮತ್ತೆ ಬರೆಯಬೇಕಾಯಿತು. ನೀವು ಈಗಲೇ ಬರೆದು ಮನೆಯಲ್ಲಿ ಯಾರಿಗಾದರೂ ಓದಿ ಹೇಳಿ.

ಎರಡನೆಯದು ಬ್ಯಾಗು. ಕೀಲು ಎಷ್ಟು ಮಡಚುತ್ತದೆ ಅಂತ ಕೋನ ಅಳೆಯುವ ಗೋನಿಯೋಮೀಟರ್, ಟೇಪು, ಸೆಕೆಂಡ್ ಮುಳ್ಳಿನ ವಾಚು, ಇಷ್ಟು ಸಾಕು. ಗೋನಿಯೋಮೀಟರಿನ ನಡುವಿನ ಸ್ಕ್ರೂ ಸಡಿಲವಾಗಿದೆಯಾ ನೋಡಿ. ಸಡಿಲವಿದ್ದರೆ ಮೊಣಕೈಯಿಂದ ತೆಗೆದು ಕಣ್ಣಿನ ಹತ್ತಿರ ತರುವಷ್ಟರಲ್ಲಿ ಕೋನವೇ ಬದಲಾಗಿರುತ್ತದೆ. ಹಿಡಿತದ ಬಲ ಅಳೆಯುವ ಡೈನಮೋಮೀಟರ್ ವಿಭಾಗದಲ್ಲೇ ಇರುತ್ತದೆ. ಅದರ ಹಿಡಿ ಎರಡನೇ ಸ್ಥಾನದಲ್ಲಿ, ಮೊಣಕೈ 90 ಡಿಗ್ರಿ ಮಡಚಿ, ಮೂರು ಸಲ ಹಿಸುಕಿಸಿ ಸರಾಸರಿ. ಇಷ್ಟು ನೆನಪಿದ್ದರೆ ಆಯಿತು.

ಮೂರನೆಯದಕ್ಕೆ ಒಂದು ಸಂಜೆ ಪೂರ್ತಿ ಕೊಡಿ. ಮನೆಯಲ್ಲೋ ಮೆಸ್ಸಿನಲ್ಲೋ ಯಾರಾದರೂ ಅನ್ನ-ಸಾರು ಊಟ ಮಾಡುವುದನ್ನು ಸುಮ್ನೆ ನೋಡಿ, ಬರೆದುಕೊಳ್ಳಿ. ತಟ್ಟೆಯ ಮೇಲೆ ಅಂಗೈ ಕೆಳಮುಖ. ಬೆರಳು ಹರಡಿ ಕಲಸುತ್ತವೆ, ಬಿಸಿ ಎಷ್ಟಿದೆ ಅಂತ ತುದಿಯಲ್ಲೇ ತಿಳಿಯುತ್ತದೆ. ನಾಲ್ಕು ಬೆರಳು ಕೂಡಿ ತುತ್ತು ಒಟ್ಟಾಗುತ್ತದೆ. ಮೊಣಕೈ ಮಡಚುತ್ತಾ ಮುಂಗೈ ತಿರುಗಿ ಅಂಗೈ ಮೇಲ್ಮುಖ ಆಗುತ್ತದೆ. ಕೊನೆಗೆ ಹೆಬ್ಬೆರಳು ತುತ್ತನ್ನು ಬಾಯಿಗೆ ತಳ್ಳುತ್ತದೆ. ಮುಂಗೈ ತಿರುಗದವರಿಗೆ ಸಾರು ಮೊಣಕೈವರೆಗೂ ಸೋರುವುದು ಇದಕ್ಕೇ.

ಈಗ ರೋಗಿ ದಿನನಿತ್ಯದ ಕೆಲಸ ತಾನೇ ಎಷ್ಟು ಮಾಡಿಕೊಳ್ಳುತ್ತಾನೆ ಅಂತ ಅಂಕ ಹಾಕುವ 1965ರ ಬಾರ್ಥೆಲ್ ಇಂಡೆಕ್ಸ್ ತೆಗೆಯಿರಿ. ಊಟದ ಪ್ರಶ್ನೆಯಲ್ಲಿ ಕತ್ತರಿಸಲು, ಬೆಣ್ಣೆ ಸವರಲು ಸಹಾಯ ಬೇಕಾದರೆ 5 ಅಂಕ, ಸಹಾಯವೇ ಬೇಡದಿದ್ದರೆ 10. ನಮ್ಮ ವಾರ್ಡಿನಲ್ಲಿ ಬೆಣ್ಣೆ ಸವರುವವರು ಯಾರು? ಅಂಕ ಕೊಡಿ, ಆದರೆ ಪಕ್ಕದಲ್ಲಿ ಚಪಾತಿ ಹರಿಯುತ್ತಾರಾ, ಮುದ್ದೆ ಮುರಿಯುತ್ತಾರಾ ಅಂತಲೂ ಬರೆಯಿರಿ. ಲಕ್ವ ಆದವರಿಗೆ ನುಂಗಲು ತೊಂದರೆ ಇದೆಯಾ ಅಂತ ತಿಳಿದುಕೊಳ್ಳದೆ ಮಾತ್ರ ಏನನ್ನೂ ತಿನ್ನಿಸಿ ಪರೀಕ್ಷೆ ಮಾಡಬೇಡಿ. ಮುದ್ದೆಯನ್ನಂತೂ ಬೇಡವೇ ಬೇಡ, ಅದನ್ನು ಅಗಿಯದೆ ನುಂಗುವುದೇ ರೂಢಿ ಅಲ್ವಾ.

ನಾಲ್ಕನೆಯದು ಮಾತಿನ ತಯಾರಿ. ‘ನಿಮ್ಮ ಸಮಸ್ಯೆ ಏನು?’ ಅಂತ ಕೇಳಿದರೆ ‘ಕೈ ಸ್ವಾಧೀನ ಇಲ್ಲಪ್ಪ’ ಅನ್ನುತ್ತಾರೆ, ಅಲ್ಲಿಗೆ ಮುಗಿಯಿತು. ‘ಬೆಳಿಗ್ಗೆ ಎದ್ದ ಮೇಲೆ ಏನೇನು ಮಾಡ್ತಿದ್ರಿ ಅಜ್ಜಿ?’ ಅಂತ ಕೇಳಿ. ರಂಗೋಲಿ, ಹೂ ಕಟ್ಟುವುದು, ಸೆರಗು ಸಿಕ್ಕಿಸುವುದು, ಒಂದೊಂದಾಗಿ ಬರುತ್ತವೆ. ರೋಗಿಗೆ ಮುಖ್ಯವಾದ ಕೆಲಸಗಳನ್ನು ಅವರಿಂದಲೇ ಕೇಳಿ ಅಳೆಯುವ ಸಿಒಪಿಎಂ ಅನ್ನುವ ಸಂದರ್ಶನಕ್ಕೆ ಬೇಕಾಗಿರುವುದು ಇದೇ. ಅದರಲ್ಲಿ ರೋಗಿಯೇ ತನ್ನ ಕೆಲಸಗಳಿಗೆ 1ರಿಂದ 10ರವರೆಗೆ ಅಂಕ ಕೊಡಬೇಕು. ಮುಂದಿನ ಸಲ ಕೇಳಿದಾಗ 2 ಅಂಕ ಏರಿದ್ದರೆ ನಿಜವಾದ ಸುಧಾರಣೆ ಅಂತ ಲೆಕ್ಕ. ವಯಸ್ಸಾದವರು ಅಂಕ ಹೇಳುವುದಿಲ್ಲ, ‘ಎಂಟಾಣೆ ವಾಸಿ’ ಅನ್ನುತ್ತಾರೆ. ಹಾಗಾದರೆ ಹತ್ತಕ್ಕೆ ಐದಾ ಅಂತ ಅವರನ್ನೇ ಕೇಳಿ ಬರೆದುಕೊಳ್ಳಿ. ನಿಮ್ಮಷ್ಟಕ್ಕೆ ನೀವೇ ತುಂಬಬೇಡಿ. ಬೇರೆ ರಾಜ್ಯದಿಂದ ಬಂದ ಸಹಪಾಠಿ ಇದ್ದರೆ ಇಂಥ ಹತ್ತು ವಾಕ್ಯ ಕಲಿಸಿಕೊಡಿ. ಬದಲಿಗೆ ಸ್ಟ್ಯಾಟಿಸ್ಟಿಕ್ಸ್ ಹೇಳಿಸಿಕೊಳ್ಳಿ.

ಉಳಿದದ್ದು ಚಿಲ್ಲರೆ ಕೆಲಸ. ಸಂಶೋಧನಾ ಲೇಖನ ಓದಿ ಚರ್ಚಿಸುವ ಜರ್ನಲ್ ಕ್ಲಬ್ಬಿನಲ್ಲಿ ನಿಮ್ಮ ಸರದಿ ಯಾವಾಗ, ಪೋಸ್ಟಿಂಗ್ ಎಲ್ಲಿ ಅಂತ ಗೋಡೆಗೆ ಅಂಟಿಸಿ. ಲಾಗ್‌ಬುಕ್ಕನ್ನು ಅಂದಂದೇ ತುಂಬಿ, ವಾರಕ್ಕೊಮ್ಮೆ ಸಹಿ ಹಾಕಿಸಿಕೊಳ್ಳಿ. ತಿಂಗಳ ಕೊನೆಗೆ ಅಂತ ಇಟ್ಟುಕೊಂಡರೆ ಸಹಿ ಹಾಕಬೇಕಾದವರು ಆ ದಿನವೇ ರಜೆ ಹಾಕಿರುತ್ತಾರೆ.