ಬೂಟ್ ಆಗದ ವಿಎಂ ಒಳಗಿನ ಫೈಲ್ ಹೊರಗೆ ತೆಗೆಯೋದು, ಹೊರಗಿನದು ಒಳಗೆ ಹಾಕೋದು

ನಮ್ಮ ದೊಡ್ಡಪ್ಪ ಊರಿನ ದೇವಸ್ಥಾನದ ಲೆಕ್ಕ, ಜಾತ್ರೆಯ ಕರೆಯೋಲೆ, ಮನೆತನದ ವಂಶಾವಳಿ ಎಲ್ಲವನ್ನೂ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ ಇಟ್ಟಿದ್ದರು. ಆ ಹಳೇ ಕಂಪ್ಯೂಟರ್ ಕೈಕೊಡುವ ಮುಂಚೆ ಅದರ ವಿಂಡೋಸ್ ಎಕ್ಸ್‌ಪಿಯನ್ನು ಹಾಗೇ ಎತ್ತಿ ವರ್ಚುವಲ್‌ಬಾಕ್ಸ್ ವಿಎಂ (ಅಂದರೆ ಕಂಪ್ಯೂಟರಿನೊಳಗೆ ಓಡುವ ಇನ್ನೊಂದು ಕಂಪ್ಯೂಟರ್) ಮಾಡಿಕೊಂಡಿದ್ದೆ. ಹೋದ ತಿಂಗಳು ವಂಶಾವಳಿ ಬೇಕಾಯಿತು, ಆನ್ ಮಾಡಿದರೆ ಬರೀ ನೀಲಿ ಪರದೆ. ಹಾಗಂತ ಫೈಲ್ ಹೋಯಿತು ಅಂತಲ್ಲ. ವಿಎಂನ ಡಿಸ್ಕ್ ಅಂದರೆ ನಿಮ್ಮ ಕಂಪ್ಯೂಟರಿನಲ್ಲಿ ಕೂತಿರುವ ಒಂದು ದೊಡ್ಡ ಫೈಲ್ ಅಷ್ಟೇ. ಅದರೊಳಗೆ ಪಾರ್ಟಿಷನ್ (ಡಿಸ್ಕಿನ ಒಂದು ಭಾಗ), ಪಾರ್ಟಿಷನ್ ಒಳಗೆ ಫೈಲುಗಳನ್ನು ಜೋಡಿಸಿಡುವ ಫೈಲ್‌ಸಿಸ್ಟಮ್. ಅದನ್ನು ಓದೋಕೆ ವಿಎಂ ಬೂಟ್ ಆಗಲೇಬೇಕು ಅಂತೇನೂ ಇಲ್ಲ.

ಎಲ್ಲಕ್ಕಿಂತ ಮೊದಲು ಒಂದು ವಿಷಯ. ವಿಎಂ ಓಡುತ್ತಿರುವಾಗ ಅದರ ಡಿಸ್ಕಿಗೆ ಹೊರಗಿನಿಂದ ಏನನ್ನೂ ಬರೆಯಬೇಡಿ. ಒಳಗಿನ ಕರ್ನಲ್ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) ಡಿಸ್ಕಿನ ಲೆಕ್ಕವನ್ನು ತನ್ನ ಮೆಮೊರಿಯಲ್ಲಿ ಇಟ್ಟುಕೊಂಡಿರುತ್ತದೆ, ನೀವು ಬರೆದದ್ದು ಅದಕ್ಕೆ ಗೊತ್ತೇ ಆಗುವುದಿಲ್ಲ, ಸ್ವಲ್ಪ ಹೊತ್ತಿಗೆ ತನ್ನ ಹಳೇ ಲೆಕ್ಕವನ್ನು ಅದರ ಮೇಲೆ ಬರೆದುಬಿಡುತ್ತದೆ, ಫೈಲ್‌ಸಿಸ್ಟಮ್ ಕೆಟ್ಟುಹೋಗುತ್ತದೆ. ವಿಎಂಅನ್ನು ತಾತ್ಕಾಲಿಕವಾಗಿ ನಿಲ್ಲಿಸಿದ್ದರೂ (ಪಾಜ್), ಸೇವ್ ಸ್ಟೇಟ್ ಮಾಡಿ ಮುಚ್ಚಿದ್ದರೂ ಅದು ಓಡುತ್ತಿದೆ ಅಂತಲೇ ಲೆಕ್ಕ. ಪೂರ್ತಿ ಶಟ್‌ಡೌನ್ ಆಗಿರಬೇಕು. ಸುಮ್ನೆ ಓದುವುದಾದರೆ ಡಿಸ್ಕ್ ಹಾಳಾಗುವುದಿಲ್ಲ, ಆದರೆ ಅರ್ಧಂಬರ್ಧ ಫೈಲ್ ಸಿಗಬಹುದು.

ಸ್ನ್ಯಾಪ್‌ಶಾಟ್ (ವಿಎಂ ಆ ಹೊತ್ತಿಗೆ ಇದ್ದ ಸ್ಥಿತಿಯ ಗುರುತು) ತೆಗೆದಿದ್ದೀರಾ? ಹಾಗಿದ್ದರೆ ಇನ್ನೊಂದು ಎಚ್ಚರ. ಆಮೇಲೆ ಬರೆದದ್ದೆಲ್ಲಾ ಬೇರೆ ಫೈಲಿನಲ್ಲಿರುತ್ತದೆ, ವರ್ಚುವಲ್‌ಬಾಕ್ಸಿನಲ್ಲಿ ಅದು ಸ್ನ್ಯಾಪ್‌ಶಾಟ್ಸ್ ಫೋಲ್ಡರ್ ಒಳಗೆ ಕೂತಿರುತ್ತದೆ. ಮೂಲ ಡಿಸ್ಕಿಗೆ ಏನಾದರೂ ಬರೆದರೆ ಅದರ ಮೇಲಿರುವ ಸ್ನ್ಯಾಪ್‌ಶಾಟ್ ಅಷ್ಟೂ ಕೆಡುತ್ತದೆ. ಬರೆಯುವ ಮುಂಚೆ ಇಡೀ ಡಿಸ್ಕ್ ಫೈಲಿನ ಒಂದು ಕಾಪಿ ಪಕ್ಕಕ್ಕಿಡಿ.

ಇನ್ನು ಕೆಲಸಕ್ಕೆ ಬರೋಣ. ನಾನು ಬಳಸುವುದು ಲಿನಕ್ಸ್‌ನಲ್ಲಿ ಓಡುವ ಲಿಬ್‌ಗೆಸ್ಟ್‌ಎಫ್‌ಎಸ್, ವಿಎಂ ಡಿಸ್ಕನ್ನು ಹೊರಗಿನಿಂದಲೇ ತೆರೆಯುವ ಟೂಲುಗಳ ಗುಂಪು. ಉಬುಂಟು, ಡೆಬಿಯನ್‌ನಲ್ಲಿ ಲಿಬ್‌ಗೆಸ್ಟ್‌ಎಫ್‌ಎಸ್-ಟೂಲ್ಸ್ ಪ್ಯಾಕೇಜ್, ಫೆಡೋರಾದಲ್ಲಿ ಗೆಸ್ಟ್‌ಎಫ್‌ಎಸ್-ಟೂಲ್ಸ್. ವಿಡಿಐ, ವಿಎಂಡಿಕೆ, ಕ್ಯುಕೌ2, ರಾ ಹೀಗೆ ಬೇರೆ ಬೇರೆ ಬಗೆಯ ಡಿಸ್ಕ್ ಫೈಲುಗಳನ್ನೂ ಓದುತ್ತದೆ. ಇದು ತನ್ನದೇ ಒಂದು ಪುಟ್ಟ ವಿಎಂ ಎಬ್ಬಿಸಿ, ಅದರೊಳಗೆ ನಿಮ್ಮ ಡಿಸ್ಕನ್ನು ತೆರೆಯುತ್ತದೆ. ಹಾಗಾಗಿ ಎಲ್ಲಿಂದಲೋ ಬಂದ ಡಿಸ್ಕ್ ಫೈಲಿನಲ್ಲಿ (ಇಮೇಜ್) ಏನಾದರೂ ಕಿತಾಪತಿ ಇದ್ದರೂ ನಿಮ್ಮ ಕರ್ನಲ್ ಮುಟ್ಟುವುದು ಕಷ್ಟ. ನನಗೆ ಇದು ಇಷ್ಟವಾಗಲು ಮುಖ್ಯ ಕಾರಣವೇ ಅದು.

ಕಮಾಂಡುಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ಟರ್ಮಿನಲ್ಲಿನಲ್ಲಿ ಇಂಗ್ಲಿಷ್ ಸಣ್ಣಕ್ಷರದಲ್ಲಿ ಹೊಡೆಯಿರಿ, ಫೈಲ್ ಫೋಲ್ಡರುಗಳ ಹೆಸರನ್ನು ಮಾತ್ರ ಇದ್ದ ಹಾಗೇ ಹೊಡೆಯಿರಿ. ಮೊದಲು ವರ್ಟ್-ಎಲ್‌ಎಸ್‌ನಿಂದ ಒಳಗೆ ಏನಿದೆ ನೋಡಿ, ಆಮೇಲೆ ತೆಗೆಯಿರಿ:

ಸುಡೊ ವರ್ಟ್-ಎಲ್‌ಎಸ್ -ಎ ಎಕ್ಸ್‌ಪಿ.ವಿಡಿಐ /

ಸುಡೊ ವರ್ಟ್-ಕಾಪಿ-ಔಟ್ -ಎ ಎಕ್ಸ್‌ಪಿ.ವಿಡಿಐ "/ಡಾಕ್ಯುಮೆಂಟ್ಸ್ ಅಂಡ್ ಸೆಟ್ಟಿಂಗ್ಸ್" .

ಹೆಸರಿನ ಮಧ್ಯೆ ಜಾಗ ಇದೆಯಲ್ವಾ, ಅದಕ್ಕೇ ಉದ್ಧರಣ ಚಿಹ್ನೆ ಬೇಕು. ಕೊನೆಯ ಚುಕ್ಕಿ ಅಂದರೆ ನೀವಿರುವ ಫೋಲ್ಡರ್. ವಿಂಡೋಸ್‌ನಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಒಂದೇ ಆದರೂ ಇಲ್ಲಿ ಬೇರೆ ಬೇರೆ. ವರ್ಟ್-ಎಲ್‌ಎಸ್ ತೋರಿಸಿದ ಹಾಗೇ ಹೊಡೆಯಿರಿ. ಉಬುಂಟುವಿನಲ್ಲಿ ಸುಡೊ (ಅಡ್ಮಿನ್ ಅಧಿಕಾರದಲ್ಲಿ ಓಡಿಸು ಅಂತ) ಯಾಕೆ ಅಂದರೆ, /ಬೂಟ್‌ನಲ್ಲಿರುವ ಕರ್ನಲ್ ಫೈಲ್ ಓದುವ ಅನುಮತಿ ಮಾಮೂಲಿ ಯೂಸರ್‌ಗೆ ಇರುವುದಿಲ್ಲ, ಆ ಪುಟ್ಟ ವಿಎಂ ಏಳುವುದೇ ಇಲ್ಲ. ಸುಡೊದಿಂದ ತೆಗೆದ ಫೈಲ್ ತೆರೆಯದಿದ್ದರೆ ಚೌನ್ ಕಮಾಂಡಿನಿಂದ ಅದರ ಒಡೆತನ ನಿಮ್ಮ ಹೆಸರಿಗೆ ಮಾಡಿಕೊಳ್ಳಿ.

ನಮ್ಮವರಿಗೆ ಒಂದು ಮಾತು. ಹಳೇ ನುಡಿ, ಬರಹ ಫೈಲುಗಳನ್ನು ತೆಗೆಯುವಾಗ ವಿಂಡೋಸ್ ಫೋಲ್ಡರ್ ಒಳಗಿನ ಫಾಂಟ್ಸ್ ಫೋಲ್ಡರನ್ನೂ ಜೊತೆಗೇ ತೆಗೆಯಿರಿ. ಅವು ಯೂನಿಕೋಡ್ ಅಲ್ಲ, ಆ ಫಾಂಟ್ ಇಲ್ಲದಿದ್ದರೆ ತೆರೆದಾಗ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ನಾನು ಮೊದಲ ಸಲ ಬರೀ ಡಾಕ್ಯುಮೆಂಟ್ ತೆಗೆದೆ, ಫೈಲೇ ಕೆಟ್ಟಿದೆ ಅಂದುಕೊಂಡು ಒಂದು ಸಂಜೆ ಪೂರ್ತಿ ಒದ್ದಾಡಿದೆ. ಫಾಂಟ್ ಹಾಕಿದ ಮೇಲೆ ದೊಡ್ಡಪ್ಪ ಟೈಪ್ ಮಾಡಿದ್ದ ಅಜ್ಜನ ಹೆಸರು ಮೊದಲ ಸಾಲಿನಲ್ಲೇ ಕಂಡಿತು.

ಒಳಗೆ ಹಾಕೋಕೆ ವರ್ಟ್-ಕಾಪಿ-ಇನ್. ಇಲ್ಲಿ ನಿಮ್ಮ ಫೈಲ್ ಮೊದಲು, ಒಳಗಿನ ಫೋಲ್ಡರ್ ಕೊನೆಗೆ. ಆ ಫೋಲ್ಡರ್ ಮೊದಲೇ ಇರಬೇಕು, ಹೆಸರು ಬದಲಿಸಿ ಹಾಕಲು ಆಗುವುದಿಲ್ಲ. ಲಿನಕ್ಸ್ ವಿಎಂ ಆದರೆ ಹಾಕಿದ ಫೈಲ್ ಯಾರ ಹೆಸರಿನಲ್ಲಿದೆ ಅಂತ ಆಮೇಲೆ ನೋಡಿಕೊಳ್ಳಿ. ಫೆಡೋರಾ ತರಹದ್ದಾದರೆ ಎಸ್‌ಇಲಿನಕ್ಸ್ ಲೇಬಲ್ (ಭದ್ರತೆಗಾಗಿ ಫೈಲಿಗೆ ಅಂಟಿಸಿದ ಗುರುತು) ಕೂಡ ಸರಿಮಾಡಬೇಕು, ವರ್ಟ್-ಕಸ್ಟಮೈಸ್‌ಗೆ ಎಸ್‌ಇಲಿನಕ್ಸ್-ರೀಲೇಬಲ್ ಅಂತ ಹೇಳಿದರೆ ಅದೇ ಮಾಡುತ್ತದೆ. ಎಫ್‌ಎಸ್‌ಟ್ಯಾಬ್‌ನಲ್ಲಿ (ಬೂಟ್ ಆಗುವಾಗ ಯಾವ ಡಿಸ್ಕ್ ಎಲ್ಲಿ ಜೋಡಿಸಬೇಕು ಅನ್ನುವ ಪಟ್ಟಿ) ಒಂದು ಸಾಲು ತಪ್ಪಾಗಿ ವಿಎಂ ಬೂಟ್ ಆಗುತ್ತಿಲ್ಲ ಅಂದರೆ ಕಾಪಿ ಗೀಪಿ ಬೇಡವೇ ಬೇಡ, ವರ್ಟ್-ಎಡಿಟ್‌ನಿಂದ ಆ ಫೈಲನ್ನು ಇದ್ದಲ್ಲೇ ತಿದ್ದಿಬಿಡಿ.

ವಿಂಡೋಸ್ 8, 10, 11ರ ಡಿಸ್ಕಿಗೆ ಬರೆಯೋಕೆ ಹೋದಾಗ ಆಗಲ್ಲ ಅಂದರೆ ಫಾಸ್ಟ್ ಸ್ಟಾರ್ಟಪ್ ಕಾರಣ ಇರಬಹುದು. ಅದು ಆನ್ ಇದ್ದರೆ ಶಟ್‌ಡೌನ್ ಕೊಟ್ಟರೂ ಅರ್ಧ ನಿದ್ದೆಗೆ ಜಾರುತ್ತದೆ ಅಷ್ಟೇ. ವಿಎಂ ಬೂಟ್ ಆಗುವುದಾದರೆ ಒಳಗೆ ಹೋಗಿ ಅದನ್ನು ಆಫ್ ಮಾಡಿ, ಇನ್ನೊಮ್ಮೆ ಶಟ್‌ಡೌನ್ ಮಾಡಿ.

ಫೈಲು ತುಂಬಾ ಜಾಸ್ತಿ, ಆರ್‌ಸಿಂಕ್ (ಬದಲಾದ ಫೈಲುಗಳನ್ನಷ್ಟೇ ನಕಲಿಸುವ ಟೂಲ್) ಮಾಡಬೇಕು ಅಂದರೆ ಕ್ಯುಇಎಂಯು-ಎನ್‌ಬಿಡಿ ವೇಗ, ಅದು ಡಿಸ್ಕ್ ಫೈಲನ್ನು ನಿಜವಾದ ಡಿಸ್ಕಿನ ಹಾಗೆ ತೋರಿಸುತ್ತದೆ. ಸುಡೊ ಮಾಡ್‌ಪ್ರೋಬ್ ಎನ್‌ಬಿಡಿ ಮ್ಯಾಕ್ಸ್_ಪಾರ್ಟ್=8 ಅಂತ ಹೊಡೆದು, ಡಿಸ್ಕನ್ನು /ಡೆವ್/ಎನ್‌ಬಿಡಿ0ಗೆ ಕನೆಕ್ಟ್ ಮಾಡಿ, ಪಾರ್ಟಿಷನ್ ಮೌಂಟ್ ಮಾಡಿಕೊಳ್ಳಿ, ಅಂದರೆ ಒಂದು ಫೋಲ್ಡರಿಗೆ ಜೋಡಿಸಿಕೊಳ್ಳಿ. ಇದರಲ್ಲಿ ನಿಮ್ಮ ಕರ್ನಲ್ಲೇ ನೇರ ಓದುತ್ತದೆ, ಹಾಗಾಗಿ ಗೊತ್ತಿರುವ ಇಮೇಜಿಗೆ ಮಾತ್ರ. ಮುಗಿದ ಮೇಲೆ ಮೊದಲು ಅನ್‌ಮೌಂಟ್, ಒಳಗೆ ಎಲ್‌ವಿಎಂ (ಲಿನಕ್ಸ್‌ನಲ್ಲಿ ಡಿಸ್ಕಿನ ಜಾಗ ಹಂಚುವ ಒಂದು ವ್ಯವಸ್ಥೆ) ಇದ್ದರೆ ಅದನ್ನು ವಿಜಿಚೇಂಜ್‌ನಿಂದ ನಿಲ್ಲಿಸಿ, ಕೊನೆಗೆ ಡಿಸ್‌ಕನೆಕ್ಟ್. ಈ ಕ್ರಮ ತಪ್ಪಿಸಬೇಡಿ. ಡಿಸ್ಕುಗಳ ಪಟ್ಟಿ ತೋರಿಸುವ ಎಲ್‌ಎಸ್‌ಬಿಎಲ್‌ಕೆ ಹೊಡೆದಾಗ ಎನ್‌ಬಿಡಿ0 ಕೆಳಗೆ ಒಂದು ಪಾರ್ಟಿಷನ್ನೂ ಕಾಣದಿದ್ದರೆ ವಿಎಂ ಆನ್ ಮಾಡಬಹುದು.