ಕಾಲಿಗೆ ಮೊರ ಕಟ್ಟಿಕೊಂಡು ಕೇದಾರಕಂಠಕ್ಕೆ

ಚಿತ್ರದುರ್ಗದಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವವನಿಗೆ ಹಿಮದ ಉಸಾಬರಿ ಏಕೆ ಎಂದು ಅಂಗಡಿಗೆ ಬರುವ ರೈತರು ಈಗಲೂ ಕೇಳುತ್ತಾರೆ. ಹಿಮದ ಮೇಲೆ ನಡೆಯಲು ಬೂಟಿಗೆ ಕಟ್ಟಿಕೊಳ್ಳುವ ಸ್ನೋಶೂಗಳನ್ನು ದೆಹಲಿಯ ಗೆಳೆಯ ಎರಡು ಜೊತೆ ಕಳಿಸಿದ್ದ. ಅವನ್ನು ಬಿಚ್ಚಿದಾಗ ಅವ್ವ, "ಇದೇನಪ್ಪಾ, ಮೊರಕ್ಕೆ ಹಲ್ಲು ಬಂದಿವೆ?" ಎಂದಳು. ಅದಕ್ಕಿಂತ ಸರಿಯಾದ ವರ್ಣನೆ ನನಗೂ ಸಿಕ್ಕಿಲ್ಲ. ಮೊಳಕ್ಕಿಂತ ಉದ್ದದ ಚೌಕಟ್ಟು, ನಡುವೆ ಗಟ್ಟಿ ಹಾಸು, ಅಡಿಯಲ್ಲಿ ಉಕ್ಕಿನ ಹಲ್ಲುಗಳು. ಬೂಟಿನ ಮುಂಭಾಗವನ್ನು ಪಟ್ಟಿಯಿಂದ ಬಿಗಿಯಬೇಕು. ಹಿಮ್ಮಡಿ ಮಾತ್ರ ಹವಾಯಿ ಚಪ್ಪಲಿಯಲ್ಲಿದ್ದಂತೆ ಸಲೀಸಾಗಿ ಏಳುತ್ತಿರಬೇಕು.

ಉತ್ತರಾಖಂಡದ ಕೇದಾರಕಂಠ ಶಿಖರ ಹತ್ತುವ ತಯಾರಿಗೆಂದು ಎರಡು ತಿಂಗಳು ಪ್ರತಿ ಭಾನುವಾರ ಬೆನ್ನಿಗೆ ಹನ್ನೆರಡು ಕಿಲೋ ಮರಳು ಹೊತ್ತು ಜೋಗಿಮಟ್ಟಿ ಹತ್ತಿದೆ. ದಮ್ಮು ಬಂತು, ನಡಿಗೆ ಬರಲಿಲ್ಲ. ಅದನ್ನು ಕಲಿಸಿದ್ದು ದಾವಣಗೆರೆ ಪಕ್ಕದಲ್ಲಿ ಭದ್ರಾ ನಾಲೆಯ ನೀರುಣ್ಣುವ ಭಾವಮೈದನ ಗದ್ದೆ. ಜನವರಿಯಲ್ಲಿ ಬೇಸಿಗೆ ಭತ್ತಕ್ಕೆ ಕೆಸರು ಮಾಡಿದ್ದ. ಮೊಣಕಾಲನ್ನು ಎದೆಯತ್ತ ಎತ್ತಿ, ಕಾಲು ಅಗಲಿಸಿ, ನಿಧಾನವಾಗಿ ಊರಿ ನಡೆಯುವುದನ್ನು ಅಲ್ಲಿ ಅರ್ಧ ಗಂಟೆ ಮಾಡಿದರೆ ಬೆಟ್ಟದ ಎರಡು ಗಂಟೆಗೆ ಸಮ. ನಾಟಿಗೆ ಬಂದಿದ್ದ ಹೆಂಗಸರು ನಕ್ಕಿದ್ದು ಬೇರೆ ಮಾತು.

ಫೆಬ್ರವರಿಯಲ್ಲಿ ಭಾವಮೈದ, ನಾನು ಇಬ್ಬರೂ ಹೊರಟೆವು. ಚಾರಣ ಶುರುವಾಗುವ ಹಳ್ಳಿ ಸಾಂಕ್ರಿ, ಡೆಹ್ರಾಡೂನ್‌ನಿಂದ ಸುಮಾರು 200 ಕಿಲೋಮೀಟರ್. ಕೇದಾರಕಂಠದ ಎತ್ತರ ಸುಮಾರು 3,800 ಮೀಟರ್. ಜೂಡಾ ಕಾ ತಾಲಾಬ್ ಎಂಬ ಕೊಳದ ಮೂಲಕ ಹೋಗುವ ದಾರಿಯಲ್ಲಿ ಸಾಲುಗಟ್ಟಿದ ಜನ. ತುಳಿದು ತುಳಿದು ಗಟ್ಟಿಯಾದ ಹಿಮದ ಮೇಲೆ ಸ್ನೋಶೂ ಹಾಕುವುದು ಡಾಂಬರು ರಸ್ತೆಯಲ್ಲಿ ನೇಗಿಲು ಎಳೆದಂತೆ. ಆದ್ದರಿಂದ ಊರಿನ ಒಬ್ಬ ಮಾರ್ಗದರ್ಶಿಯ ಹಿಂದೆ, ಜಾಡೇ ಇಲ್ಲದ ಬೇರೊಂದು ಏಣನ್ನು, ಅಂದರೆ ಬೆಟ್ಟದ ಬೆನ್ನನ್ನು, ಹಿಡಿದೆವು. ಎರಡು ದಿನ ಹಿಮ ಸುರಿದಿತ್ತು. ಅದು ಕೂರಲಿ ಎಂದು ಆತ ಇನ್ನೊಂದು ದಿನ ನಮ್ಮನ್ನು ಹಿಡಿದಿಟ್ಟ. ರಜೆ ಹಾಳಾಯಿತೆಂದು ನಾನು ಗೊಣಗಿದೆ, ಈಗ ನಾಚಿಕೆಯಾಗುತ್ತದೆ.

ಸ್ನೋಶೂ ಹಾಕಿದರೆ ಹಿಮದ ಮೇಲೆ ತೇಲುತ್ತೇವೆ ಎಂದುಕೊಂಡಿದ್ದೆ. ಮೊದಲ ಹೆಜ್ಜೆಗೇ ಮೀನಖಂಡದವರೆಗೆ ಇಳಿದೆ. ಅನುಮಾನ ಬಂದು ಒಂದನ್ನು ಬಿಚ್ಚಿ ಕಾಲಿಟ್ಟರೆ ತೊಡೆಯವರೆಗೆ ಹೋಯಿತು! ಭಾರ ಅಗಲವಾಗಿ ಹರಡುತ್ತದೆ, ಅಷ್ಟೇ. ಹೊಸ ಹಿಮ ಅದಕ್ಕೂ ಬಗ್ಗುತ್ತದೆ. ಮುಂದಿರುವವನು ಹಿಮ ತುಳಿದು ಹಾದಿ ಮಾಡುತ್ತಾನೆ, ಹಿಂದಿನವರು ಅವನ ಹೆಜ್ಜೆಯಲ್ಲೇ ಹೆಜ್ಜೆಯಿಡುತ್ತಾರೆ. ಹದಿನೈದು ನಿಮಿಷಕ್ಕೊಮ್ಮೆ ಸರದಿ ಬದಲಿಸಿದೆವು. ಹಿಂದಕ್ಕೆ ಹೆಜ್ಜೆಯಿಡುವ ಹಾಗಿಲ್ಲ. ಸ್ನೋಶೂವಿನ ಬಾಲ ಹೂತುಕೊಂಡು ಬೀಳುತ್ತೀರಿ. ನಾನು ಬಿದ್ದದ್ದು ನಾಲ್ಕು ಸಲ, ಅದರಲ್ಲಿ ಎರಡು ಸಲ ನನ್ನ ಮೊರವನ್ನು ನಾನೇ ತುಳಿದು.

ಐದನೆಯದು ತಮಾಷೆಯದಲ್ಲ. ದಣಿವಾರಿಸಿಕೊಳ್ಳಲು ಒಂದು ಫರ್ ಮರದ ಬುಡಕ್ಕೆ ಹೋದೆ. ಕೆಳಗಿನ ಕೊಂಬೆಗಳು ಹಿಮವನ್ನು ತಡೆಯುವುದರಿಂದ ಕಾಂಡದ ಸುತ್ತ ಸಡಿಲ ಪೊಳ್ಳು ಇರುತ್ತದೆ. ಸೊಂಟದವರೆಗೆ ಕುಸಿದೆ, ಸ್ನೋಶೂಗಳು ಒಳಗೆ ಕೊಂಬೆಗೆ ಸಿಕ್ಕಿಕೊಂಡವು. "ಭಾವ, ಒದ್ದಾಡಬೇಡಿ" ಎಂದು ಭಾವಮೈದ ಕೈಯಿಂದಲೇ ತೋಡಿ ಪಟ್ಟಿ ಬಿಚ್ಚಿದ. ಒಬ್ಬನೇ ಬಂದಿದ್ದರೆ ಎಂದು ಯೋಚಿಸಲು ಇಷ್ಟವಿಲ್ಲ.

ಮರಗಳು ಮುಗಿಯುವಲ್ಲಿ ಎಡಕ್ಕೆ ನುಣುಪಾದ ಬಯಲು ಇಳಿಜಾರು, ಶಿಖರಕ್ಕೆ ನೇರ ದಾರಿ. ಮಾರ್ಗದರ್ಶಿ ಅತ್ತ ನೋಡಲೂ ಇಲ್ಲ. ಊರುಗೋಲನ್ನು ಇಳಿಜಾರಿಗೆ ಸಮವಾಗಿ ಹಿಡಿದು ಅದರ ಮೇಲೆ ಮೊಬೈಲ್ ಇಟ್ಟು ಅಳೆದೆ: 34 ಡಿಗ್ರಿ. ಹಿಮಕುಸಿತ ಹೆಚ್ಚಾಗಿ ಆಗುವುದು 30ರಿಂದ 45 ಡಿಗ್ರಿಯೊಳಗೆ. ಅದರ ತಳದ ಸಪಾಟು ಜಾಗವೂ ಸುರಕ್ಷಿತವಲ್ಲ, ಮೇಲಿನದು ಬಂದು ಬೀಳುವುದು ಅಲ್ಲಿಗೇ. ಒಂದೂವರೆ ಗಂಟೆ ಸುತ್ತಿ ಏಣಿನ ಮೇಲೆಯೇ ಹೋದೆವು. ಆ ಸುತ್ತಿನಲ್ಲಿ ನಮ್ಮನ್ನು ನಡೆಸಿದ್ದು ಒಳಜೇಬಿನ ಶೇಂಗಾ ಉಂಡೆ. ಅಂಗಡಿಯ ಚಾಕೊಲೇಟ್ ಕಲ್ಲಾಗಿತ್ತು. ನೀರಿನ ಬಾಟಲಿಯನ್ನು ತಲೆಕೆಳಗಾಗಿ ಇಟ್ಟಿದ್ದರಿಂದ ಮುಚ್ಚಳದ ಬಳಿ ನೀರು ಹೆಪ್ಪುಗಟ್ಟಿರಲಿಲ್ಲ.

ಕೊನೆಯ ಏರು ಗಾಳಿಗೆ ಗಟ್ಟಿಯಾಗಿ ಕಡಿದಾಗಿತ್ತು. ಅಲ್ಲಿ ಸ್ನೋಶೂ ಬಿಚ್ಚಿ ಹಿಮದಲ್ಲಿ ನೆಟ್ಟು, ಬೂಟಿಗೆ ಮುಳ್ಳು ಸರಪಳಿ ಹಾಕಿಕೊಂಡೆವು. ಶಿಖರದಲ್ಲಿ ನಿಂತದ್ದು ಹತ್ತು ನಿಮಿಷ. ಸ್ವರ್ಗಾರೋಹಿಣಿ, ಬಂದರ್‌ಪೂಂಛ್ ಪರ್ವತಗಳೆರಡೂ ಕಂಡವು. ಫೋಟೊ ತೆಗೆಯಲು ಕೈಗವಸು ಬಿಚ್ಚಿದ ಭಾವಮೈದನ ಬೆರಳುಗಳು ಎರಡು ದಿನ ಜುಮುಗುಟ್ಟಿದವು.

ಇಳಿಯುವಾಗ ನಮ್ಮ ಜಾಡೇ ಇರಲಿಲ್ಲ. ಗಾಳಿ ಹೊಸ ಹಿಮ ತಂದು ತುಂಬಿತ್ತು. ಮಾರ್ಗದರ್ಶಿ ಕೋಲಿನಿಂದ ಚುಚ್ಚುತ್ತಾ ನಡೆದ. ಬೇರೆಡೆ ಕೋಲು ಸರ್ರನೆ ಇಳಿಯುತ್ತಿತ್ತು. ಬೆಳಿಗ್ಗೆ ನಾವು ತುಳಿದಿದ್ದಲ್ಲಿ ಮಾತ್ರ ಒಂದು ಗೇಣು ಕೆಳಗೆ ಗಟ್ಟಿಯಾಗಿ ತಡೆಯುತ್ತಿತ್ತು. ಕತ್ತಲಾಗುವ ಮೊದಲು ಡೇರೆ ತಲುಪಿದ್ದು ಹಾಗೆ ಚುಚ್ಚಿಕೊಂಡೇ.